ಖಾರ ಇಲ್ಲದ ಕಾಯಿ

ಮೊದಲು ನಾ ಬೆರಳಿನ ಮ್ಯಾಲೆ ಹಾಕಿದೆ ತಪ್ಪು.

ಬ್ಯಾಡಗಿ ಪ್ಯಾಟ್ಯಾಗ ಹನ್ನೊಂದು ವರ್ಷ
ತುಂಬು ಬಿಡಿಸಿದ ಬೆರಳು ಇವು,
ಕಣ್ಣಿಗೆ ಹಚ್ಚಿದ್ರ ಕಣ್ಣು,
ಮೊಮ್ಮಗನ ಗಲ್ಲ ಮುಟ್ಟಿದ್ರ ಗಲ್ಲ
ಎಲ್ಲಾ ಉರಿಸ್ಯಾವ.
ಹಂಗಾಗಿ ಅಲ್ಲೂ ಉರಿದಾಗ
ಬೆರಳನ್ನ ಬೈದೆ. ಮಜ್ಜಿಗ್ಯಾಗ ಅದ್ದಿದೆ,
ಕೊಬ್ಬರಿ ಎಣ್ಣಿ ಸವರಿದೆ,
ಬಚ್ಚಲಕ್ಕ ಹೋಗೂ ಮೊದಲ
ಮೂರು ಸಲ ಸಬಕಾರ ಹಚ್ಚಿ ತೊಳೆದೆ.

ಹೋಗಲಿಲ್ಲ.
ಹೊಕ್ಕಳ ಕೆಳಗ ಯಾರೋ ಕೂತು
ಕಾಸಿದ ತಂತಿ ಜಗ್ಗಿದಂಗ.
ಎದ್ದು ಹೋದ್ರ ನಾಕ ಹನಿ,
ಬಂದು ಮಲಗಿದ್ರ ಮತ್ತ ಅವಸರ.
ರಾತ್ರಿ ಎಂಟು ಸಲ.
ಗಂಡ ಮಗ್ಗಲು ಹೊಳ್ಳಿ
‘ಏನ ನಿಂದು ತಿರುಗಾಟ’ ಅಂದ.
ಥಂಡಿ, ಅಂದೆ.
ಮೇ ತಿಂಗಳ ಥಂಡಿ.

ಪ್ಯಾಟ್ಯಾಗ ಹೆಣಮಕ್ಕಳಿಗೆ ಒಂದ ಪಾಯಖಾನಿ,
ಅದರ ಕೀಲಿ ಗದಿಗೆಪ್ಪನ ಉಡದಾರಕ್ಕ.
ಲಾರಿ ದಾಟಿ, ತೂಕದ ಕಟ್ಟಿ ದಾಟಿ,
ಹಮಾಲರ ಸಾಲು ದಾಟಿ
ಅವನ ಮುಂದ ನಿಂತು ‘ಕೀಲಿ’ ಅನ್ನಬೇಕು.
ಆ ಒಂದು ಮಾತಿಗೆ
ಅವ ತಲಿ ಎತ್ತಿ ನೋಡೂ ನೋಟಕ್ಕ ಅಂಜಿ
ನಾವು ಹದಿನೆಂಟು ಮಂದಿ
ಮುಂಜಾನಿ ಚಹಾ ಬಿಟ್ರ ನೀರು ಮುಟ್ಟೂದಿಲ್ಲ.

‘ಯಾಕ, ಮಾರಿ ಒಣಗೇತಿ?’ ಹುಲಿಗೆವ್ವ ಕೇಳಿದ್ಲು.
ಖಾರ ತಾಕೈತಿ, ಅಂದೆ. ಕೆಳಗ.
ಆಕಿ ರಾಶ್ಯಾಗಿನ ಒಂದು ಕಾಯಿ ಮುರದು
ನಾಲಿಗಿ ತುದಿಗೆ ಇಟ್ಟು ಚೀಪಿದ್ಲು.
‘ಹುಚ್ಚಿ, ಇದು ನಮ್ಮೂರ ಡಬ್ಬಿ ಕಾಯಿ.
ಬಣ್ಣ ಅಷ್ಟ ಇದರದು, ಖಾರ ಎಲ್ಲೈತಿ?
ಗುಂಟೂರಿಂದಾಗಿದ್ರ ನಂಬತಿದ್ದೆ.
ಈ ಬೆಂಕಿ ಬ್ಯಾರೆ ಕಡಿಂದ ಬಂದೈತಿ.’

ದವಾಖಾನ್ಯಾಗ ಡಾಕ್ಟರಮ್ಮ
ಕೆಂಪು ಮುಚ್ಚಳದ್ದೊಂದು ಕೈಗಿಟ್ಟು
‘ಡಬ್ಬಿ ತುಂಬಿ ತಾ’ ಅಂದಾಗ
ಅಂಥಾ ಉರ್ಯಾಗೂ ನಗಿ ಬಂತು.
ಮೊದಲಿಂದು ಬಿಟ್ಟು ನಡುವಿಂದು ಹಿಡಿ ಅಂದ್ಲು.
ಹಿಡಿಯಾಕ ನಡುವ ಇರಲಿಲ್ಲ,
ಸುರು ಆಗೂದ್ರಾಗ ಮುಗೀತಿತ್ತು.

ಅದ ಬೆರಳಿಗೆ ಸೂಜಿ ಚುಚ್ಚಿದ್ರು.
ಮುನ್ನೂರಾ ನಲವತ್ತು.
‘ಸಕ್ರಿ ಯಾವಾಗಿಂದ?’
ಸಕ್ರಿ ಇಲ್ರಿ, ನಮ್ಮನ್ಯಾಗ ಬೆಲ್ಲದ ಚಹಾ.
ಆಕಿ ನಗಲಿಲ್ಲ. ಬರಕೋತ ಹೇಳಿದ್ಲು:
ಮೈಯಾಗ ಹೆಚ್ಚಾದದ್ದು ಉಚ್ಚಿಗೆ ಇಳೀತೈತಿ,
ಸಿಹಿ ಇದ್ದಲ್ಲಿ ಕ್ರಿಮಿ ಸಂತಿ ನೆರೀತಾವ,
ನೀ ತಡಕೊಂಡಷ್ಟು ಹೊತ್ತು
ಅವಕ್ಕ ಬಿಡಾರ.

ಹೋದ ದೀಪಾವಳಿಗೆ ಬಚ್ಚಲ ಕಲ್ಲಿಗೆ
ಇರವಿ ಸಾಲು ಹತ್ತಿದಾಗ
ಅರಿಷಿಣ ಉದುರಿಸಿದ್ದೆ.
ಅವಕ್ಕ ನನಗಿಂತ ಮೊದಲ ಗೊತ್ತಿತ್ತು.

ಏಳು ದಿನದ ಗುಳಿಗಿ. ಮೂರಕ್ಕ ಉರಿ ಆರಿತು.
ಉಳಿದವು ಮುಂದ ಬೇಕಾದೀತಂತ
ಸಾಸಿವಿ ಡಬ್ಬ್ಯಾಗ ಇಟ್ಟೆ, ಜಾಣಿ ನಾನು.
ಹುಣ್ಣಿವಿ ಬರೂದ್ರಾಗ ಬೆನ್ನಿಗೇರಿತು,
ಹಲ್ಲು ಹಲ್ಲಿಗೆ ಕುಟ್ಟೂ ನಡುಕ,
ಹಾವೇರ್ಯಾಗ ಐದು ದಿನ ಸಲಾಯಿನ್.
ಬಾಟ್ಲಿ ಹನಿ ಎಣಿಸಿಕೋತ ಬಿದ್ದಾಗ ಅನ್ನಿಸ್ತು:
ಹನ್ನೊಂದು ವರ್ಷ ಕುಡೀದ ನೀರು
ಸೂಜ್ಯಾಗ ಹಾಸಿ ವಸೂಲಿ ಮಾಡಾಕ ಹತ್ತೈತಿ.

ತಿರುಗಿ ಬಂದ ದಿನ ಗದಿಗೆಪ್ಪನ ಮುಂದ ನಿಂತೆ.
‘ಉಚ್ಚಿ ಹೊಯ್ಯಾಕ. ಕೀಲಿ ಕೊಡು.’
ಹಮಾಲರು ಚೀಲ ಹೊತ್ತಲ್ಲೇ ನಿಂತ್ರು.
ಅವನಿಗೆ ಗಂಟು ಬಿಚ್ಚಾಕ ಬರಲಿಲ್ಲ,
ಬಿಚ್ಚೂತನಕ ನಾ ಮಾರಿ ತಿರುವಲಿಲ್ಲ.
ಕೀಲಿ ವಾಪಸ್ ಕೊಡಲಿಲ್ಲ.

ಈಗ ಅದು ನನ್ನ ಸೆರಗಿನ ಚುಂಗಿನ್ಯಾಗ.
ಮೆಹಬೂಬಿ ಬರ್ತಾಳ, ಮಾತಿಲ್ಲ,
ಸೆರಗು ಜಗ್ಗತಾಳ.
ಹೊಸದಾಗಿ ಬಂದ ಹುಡುಗಿ
ಬಸಿರಿನ ಮ್ಯಾಲೆ ಕೈ ಇಟಗೊಂಡು ನಿಲ್ಲತಾಳ.
ನಾ ಕೀಲಿ ಕೊಡತೀನಿ, ತಂಬಗಿ ತುಂಬಿಟ್ಟಿರತೀನಿ,
ಯಾರು ಎಷ್ಟು ಸಲ ಅನ್ನೂದು
ತುಂಬು ಎಣಿಸಿದಂಗ ಮನಸಿನ್ಯಾಗ ಎಣಿಸತೀನಿ.

ನಿನ್ನೆ ಹುಲಿಗೆವ್ವ ಬಂದ್ಲು.
ಮುಂಜಾನಿಂದ ಅದು ಆರನೇ ಸಲ.
ಕೀಲಿ ಕೊಟ್ಟೆ, ಕೈ ಬಿಡಲಿಲ್ಲ.
‘ಯಾಕಬೇ,’ ಅಂದೆ ಮೆತ್ತಗ,
‘ಗುಂಟೂರು ಕಾಯಿ ಏನು?’