ಹಲ್ಲು ಕೀಳುವ ಕೆಲಸ

ಊರಿನ ಹೆಸರು ಹಲ್.
ನನ್ನ ಕೆಲಸವೂ ಹಲ್ಲಿನದೇ, ಕೀಳುವುದು.
ಆಸ್ಪತ್ರೆಯ ನೆಲಮಾಳಿಗೆ, ಬಾಯ್ಲರ್ ಕೋಣೆಯ ಪಕ್ಕ,
ರಾತ್ರಿ ಪಾಳಿ. ಮೇಲೆ ಹಂಬರ್ ನದಿಯ ಮಂಜು
ಕಾರು ನಿಲ್ಲಿಸುವ ಬಯಲಿನ ದೀಪಗಳನ್ನು
ಒಂದೊಂದಾಗಿ ನುಂಗುತ್ತಿರುತ್ತದೆ.

ಮಿಂಚಂಚೆಯಲ್ಲಿ ಹೆಡೆಯೆತ್ತಿದ ಕೊಂಡಿ ಬಂತೆಂದರೆ
ಎಚ್ ಟಿ ಟಿ ಪಿ ಯ ಎರಡು ಟಿ ಕಿತ್ತು
ಆ ಸಂದಿಯಲ್ಲಿ ಎರಡು ಎಕ್ಸ್ ತುರುಕುತ್ತೇನೆ.
ಆಮೇಲೆ ಚುಕ್ಕಿ. ಎಡಕ್ಕೊಂದು ಬಲಕ್ಕೊಂದು ಕಂಸ.
ಸೆರೆ ಸಿಕ್ಕ ಚುಕ್ಕಿ ಎಲ್ಲಿಗೂ ಒಯ್ಯದು.
ಓದಬಹುದು, "ನೋಡಿ, ಇಂಥದ್ದು" ಎಂದು
ವಾರ್ಡುಗಳಿಗೆಲ್ಲ ಹಂಚಬಹುದು,
ಬೆರಳಿಟ್ಟರೂ ಕಚ್ಚುವುದಿಲ್ಲ.

ಆರನೇ ಮಹಡಿಯ ಗುಮಾಸ್ತೆ ಬೆರಿಲ್ ಔತ್‌ವೇಟ್‌ಗೆ
ಹೋದ ನವೆಂಬರಿನಲ್ಲಿ ಒಂದು ಕಚ್ಚಿತ್ತು.
"ನಿಮ್ಮ ಪಾರ್ಸೆಲ್ ಕಾದಿದೆ" ಅಂದಿತ್ತು.
ಕಾದಿದ್ದು ಪಾರ್ಸೆಲ್ ಅಲ್ಲ.
ಎರಡು ತಿಂಗಳ ಸಂಬಳ ಹೋಯಿತು; ಅದಕ್ಕಿಂತ
ಊಟದ ಕೋಣೆಯಲ್ಲಿ ನಕ್ಕವರ ನಗೆ
ಹೆಚ್ಚು ನಂಜೇರಿತು.
ಅಂದಿನಿಂದ ನೀಲಿ ಅಕ್ಷರ ಕಂಡರೆ ಕೈ ಹಿಂದಕ್ಕೆ.
ಹಗ್ಗ ಯಾವುದು, ಹಾವು ಯಾವುದು,
ನನ್ನನ್ನೇ ಕೇಳುತ್ತಾಳೆ: ಸಂಬಳದ ಚೀಟಿ, ಕ್ರಿಸ್‌ಮಸ್ ಲಾಟರಿ,
ಒಮ್ಮೆ ಕ್ಯಾಂಟೀನಿನ ಮೆನು ಕೂಡ.

ನಿನ್ನೆ ರಾತ್ರಿ ಎರಡೂ ಮುಕ್ಕಾಲಿಗೆ ಫೋನು.
"ಅಳಿಯನ ಹೆಸರಲ್ಲಿ ಏನೋ ಬಂದಿದೆ. ಡೆಕ್ಲನ್.
ಅವನು ನನಗೆ ಯಾವತ್ತೂ ಬರೆದವನಲ್ಲ.
ಅವನೇನಾ? ನೋಡಿ ಹೇಳು."

ಉಳಿದವುಗಳಿಂದ ಬೇರೆ ಕಟ್ಟಿಹಾಕಿದ
ಒಂಟಿ ಯಂತ್ರವೊಂದಿದೆ ನನ್ನಲ್ಲಿ,
ಸತ್ತರೂ ಯಾರಿಗೂ ಸೂತಕವಿಲ್ಲ.
ಅದರಲ್ಲಿಟ್ಟು, ಉಸಿರು ಹಿಡಿದು, ಒತ್ತಿದೆ.

ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯಿತು:
ಹಳದಿ ಉಣ್ಣೆಯ ಟೋಪಿ. ಬಿಗಿದ ಕಣ್ಣು.
ಕೆಂಪಗೆ ತೆರೆದ ಬಾಯಿ, ಜಗತ್ತಿನ ಮೇಲೇ ದೂರು.
ಇಪ್ಪತ್ತು ನಿಮಿಷದ ಕೂಸು
ಅಜ್ಜಿಗಿಂತ ಮೊದಲು ನನಗೆ ಕಂಡಿತು,
ಯಾರೂ ಅಲ್ಲದ ನನಗೆ,
ಕಂಸನ ಸೆರೆಯಲ್ಲಿ, ನಡುರಾತ್ರಿ.

ವರದಿಯ ನಮೂನೆಯಲ್ಲಿ ಎರಡೇ ಖಾನೆ:
ಅಪಾಯ, ನಿರಪಾಯ.
ಸ್ವಲ್ಪ ಹೊತ್ತು ಯಾವುದನ್ನೂ ತುಂಬಲಿಲ್ಲ.
ಆಮೇಲೆ ಬೆರಿಲ್‌ಗೆ ಫೋನು ಮಾಡಿ
ಕಂಡದ್ದೇನೆಂದು ಹೇಳದೆ
ಇಷ್ಟೇ ಅಂದೆ:
ಹಲ್ಲಿಲ್ಲ. ಒಂದೂ ಇಲ್ಲ. ತೆರೆದು ನೋಡಿ.