ಹುಬ್ಬಿನ ಕೊನೆ

ರಾತ್ರಿ ಪಾಳಿ. ಮೂರೂವರೆ.
ಹೆಂಗಸರ ವಾರ್ಡಿನಲ್ಲಿ ಹದಿನೇಳು ಮಂಚ, ಹತ್ತೊಂಬತ್ತು ಜನ.
ಮೇಜಿನ ಮೇಲೆ ನರ್ಸ್ ಪ್ರಾಕ್ಟೀಷನರ್ ಪರೀಕ್ಷೆಯ ಪುಸ್ತಕ,
ಅದರ ಮೇಲೆ ಬಿ.ಪಿ. ಪಟ್ಟಿಯ ಭಾರ,
ಫ್ಯಾನಿನ ಗಾಳಿಗೆ ಪ್ರಶ್ನೆ ಹಾರಿ
ಉತ್ತರದ ಮೇಲೆ ಬೀಳದಂತೆ.

ನಲವತ್ತೆರಡಕ್ಕೆ ಪರೀಕ್ಷೆ ಕಟ್ಟಿದವಳು ನಾನು.
ಮಗಳ ಪರೀಕ್ಷೆಯೂ ಇದೇ ತಿಂಗಳು;
ಮನೆಯಲ್ಲಿ ಹೈಲೈಟರ್ ಒಂದೇ,
ಹಗಲು ಅವಳದು, ಇರುಳು ನನ್ನದು.

ಪ್ರಶ್ನೆ ನೂರ ಹನ್ನೆರಡು:
ಐವತ್ತೆಂಟರ ಗಂಡಸು, ಹಳೆಯ ಕೆಮ್ಮು,
ಮೆಟ್ಟಿಲೇರಿದರೆ ಏದುಸಿರು. ಮೊದಲು ಏನು ಕೇಳುವಿರಿ?
ಎ) ದಿನಕ್ಕೆ ಎಷ್ಟು ಸಿಗರೇಟು, ಎಷ್ಟು ವರ್ಷ.
ಎ ಎಂದು ಗುರುತು ಹಾಕುತ್ತೇನೆ. ಸರಿ. ಒಂದು ಅಂಕ.
ಆದರೆ ಮೊನ್ನೆ ಆರನೇ ಮಂಚದ ಹಜ್ರಾಬಿ
ಆಕ್ಸಿಜನ್ ಮಾಸ್ಕ್ ಸರಿಸಿ ನಕ್ಕಿದ್ದಳು:
"ಬೀಡಿನಾ ಸಿಸ್ಟರ್? ಥೂ.
ಮಂಡಕ್ಕಿ ಭಟ್ಟಿ ಮುಂದೆ ಮೂವತ್ತೊಂದು ವರ್ಷ ಕುಂತೀನಿ.
ನೀವು ಮಿರ್ಚಿ ಜತೆ ತಿಂತೀರಲ್ಲ,
ಬಿಳೀದೆಲ್ಲ ನಿಮಗೆ, ಕರೀದು ನನಗೆ."
ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ:
ಇ) ಭಟ್ಟಿ.
ಅಂಕವಿಲ್ಲ.

ಪುಸ್ತಕದ ರೋಗಿಗಳು ಒಳ್ಳೆಯವರು.
ನೋವಿಗೆ ಹತ್ತರಲ್ಲಿ ಏಳು ಎನ್ನುತ್ತಾರೆ,
ಎಲ್ಲಿ ಎಂದರೆ ಬೆರಳಿಟ್ಟು ತೋರಿಸುತ್ತಾರೆ.
ನಮ್ಮವರಿಗೆ ಎದೆ ಎಂದರೆ ಹೊಟ್ಟೆ,
ಹೊಟ್ಟೆ ಎಂದರೆ ಸೊಸೆ.
"ಜೀವ ಹಿಂಡಿದಂಗೆ", "ಒಳಗೆ ಇರುವೆ ಹರಿದಂಗೆ",
"ಏನಿಲ್ಲವ್ವ, ಸುಮ್ನೆ ಒಂದು ನಮೂನಿ."
ಒಂದು ನಮೂನಿ ಯಾವ ಪುಟದಲ್ಲಿದೆಯೆಂದು
ಪದಸೂಚಿ ಹೇಳುವುದಿಲ್ಲ.

ಅದಕ್ಕೇ ಹಾಲಮ್ಮನನ್ನು ರೋಗಿ ಮಾಡಿಕೊಂಡೆ.
ಆಯಾ. ಹನ್ನೊಂದು ವರ್ಷದಿಂದ ನನ್ನದೇ ಪಾಳಿ.
ಬಕೆಟ್ ಬದಿಗಿಟ್ಟು ಸ್ಟೂಲಿನ ಮೇಲೆ ಕೂತು
ಸೆರಗು ಸರಿಮಾಡಿಕೊಂಡಳು, ಫೋಟೋಗೆ ಕೂತಂತೆ.
"ಏನ್ ಕಾಯಿಲೆ ಹೇಳ್ಲಿ?"
ಯಾವುದಾದರೂ. ಕಂಡುಹಿಡಿಯಬೇಕಾದವಳು ನಾನು.
"ಹಂಗಾದ್ರೆ ನಂದೇ ಹೇಳ್ತೀನಿ, ಬಾಯಿಪಾಠ ಮಾಡೋದು ತಪ್ತು."

ಸುಸ್ತು. ಎಲ್ಲರಿಗೂ ಸುಸ್ತು, ಮುಂದೆ.
ಮೂರು ದಿನಕ್ಕೊಮ್ಮೆ ಹೊರಕಡೆ. ನೀರು ಕುಡಿ, ಮುಂದೆ.
ದನಿ ಒಡೆದೈತೆ. ಅದು ಹಾಲಮ್ಮನ ದನಿ, ಇಡೀ ವಾರ್ಡಿಗೆ ಗೊತ್ತು,
ನೋಡಲು ಬಂದವರ ಹಿಂಡು
ಆ ದನಿಗೇ ಅಲ್ಲವೇ ಬಾಗಿಲಾಚೆ ಓಡುವುದು.
"ಮತ್ತೆ... ಚಳಿ."

ಏಪ್ರಿಲ್. ದಾವಣಗೆರೆ.
ಹಂಚಿನಂತೆ ಕಾದ ತಾರಸಿ ಇನ್ನೂ ಆರಿಲ್ಲ,
ಒಂಬತ್ತನೇ ಮಂಚದಾಕೆ ಒದ್ದೆ ಟವೆಲ್ ಹಾಸಿ ನೆಲದ ಮೇಲೆ ಮಲಗಿದ್ದಾಳೆ.
ಹಾಲಮ್ಮನ ಮೈಮೇಲೆ ಸ್ವೆಟರ್,
ಮರೂನ್ ಬಣ್ಣದ್ದು, ಮೊಣಕೈ ಹರಿದದ್ದು.
ಎರಡು ಬೇಸಿಗೆಯಿಂದ ನೋಡುತ್ತಲೇ ಇದ್ದೇನೆ.
"ಏನೇ, ಕಾಶ್ಮೀರಕ್ಕೆ ಹೊರಟೆಯಾ" ಎಂದು
ಎಲ್ಲರನ್ನೂ ನಗಿಸಿದವಳೂ ನಾನೇ.

ಪೆನ್ನಿನ ಮುಚ್ಚಳ ಹಾಕಿದೆ.
ಟಾರ್ಚ್ ಹಿಡಿದು ಮೊದಲ ಸಲ ಅವಳ ಮುಖ ನೋಡಿದೆ.
ಕಣ್ಣ ಕೆಳಗೆ ನಾದಿಟ್ಟ ಹಿಟ್ಟಿನ ಉಬ್ಬು.
ಹುಬ್ಬು ಮೂಗಿನ ಬಳಿ ದಟ್ಟವಾಗಿ ಹೊರಟು
ಕಿವಿಯ ಕಡೆ ತಲುಪುವ ಮುನ್ನ ಅಳಿಸಿಹೋಗಿದೆ.
ಪುಟ ಇನ್ನೂರ ಆರು. ಹಳದಿ ಬಳಿದಿದ್ದೆ, ಎರಡು ಸಲ,
ಒಮ್ಮೆ ಓದಿ, ಒಮ್ಮೆ ಓದಿದ್ದು ಮರೆತು.
ನಾಡಿ ಐವತ್ತೆರಡು.

ಸ್ಟೂಲಿನ ಮೇಲೆ ಮಂಡಿಯೂರಲು ಹೇಳಿದೆ.
ಬಿರಿದ ಹಿಮ್ಮಡಿ ನನ್ನ ಕಡೆ.
ಅದರ ಮೇಲಿನ ನರಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.
ಪಾದ ಜಿಗಿಯಿತು, ಸರಿಯಾಗೇ;
ಮರಳುವಾಗ ಮಾತ್ರ
ತಡ, ತಡ,
ಪಾಳಿ ಮುಗಿದರೂ ಬಾಗಿಲಲ್ಲಿ ನಿಂತು
ಇನ್ನೇನಾದರೂ ಕೆಲಸ ಉಂಟಾ ಎಂದು ಕೇಳುವವಳ ಹಾಗೆ.

"ಪಾಸಾದ್ರಾ ಸಿಸ್ಟರ್?" ಎಂದಳು
ಗೋಡೆಯ ಕಡೆ ಮುಖ ಮಾಡಿಕೊಂಡೇ.

ಬೆಳಗಿನ ರಕ್ತಪರೀಕ್ಷೆಗೆ ಸೀಸೆ ತೆಗೆದಿಟ್ಟೆ.
ಚೀಟಿಯ ಮೇಲೆ ಹಾಲಮ್ಮ ಎಂದು ಬರೆದು
ವಯಸ್ಸಿನ ಜಾಗದಲ್ಲಿ ಪೆನ್ನು ನಿಂತಿತು.
ಹನ್ನೊಂದು ವರ್ಷ. ಕೇಳಿದೆ.
"ಯಾವುದಾದ್ರೂ ಒಂದು ಹಾಕ್ಕಳ್ರಿ" ಎಂದು
ಬಕೆಟ್ ಎತ್ತಿಕೊಂಡಳು.