ಹದಿನಾಲ್ಕು ಗುಂಡಿ

ಕುತೈಸಿಯ ನಮ್ಮ ಕಟ್ಟಡದ ಲಿಫ್ಟು ಕಾಸು ನುಂಗಿ ಹತ್ತುತ್ತಿತ್ತು,
ಒಂದು ದಿನ ನುಂಗಿದ್ದನ್ನೂ ಮರೆತು ನಿಂತೇಬಿಟ್ಟಿತು.
ಹೊಸ ಫ್ರಿಜ್ಜನ್ನು ಐದು ಮಹಡಿ ಹೊತ್ತು
ಸೊಂಟ ಹಿಡಿದು ಕೂತಿದ್ದೆ ನಾನು.
ಅದರ ರಟ್ಟಿನ ಡಬ್ಬಿ ಮಾತ್ರ ಸಲೀಸಾಗಿ ಕೆಳಗಿಳಿದಿತ್ತು,
ತೆಕ್ಲೆಯ ತಲೆ ಮೇಲೆ.

ಸಂಜೆ ನೋಡಿದರೆ ಮೆಟ್ಟಿಲ ಬುಡದಲ್ಲಿ ಹೊಸ ಲಿಫ್ಟು.
ಬ್ರೆಡ್ಡು ಕುಯ್ಯುವ ಚಾಕುವಿನಲ್ಲಿ ಕೊರೆದ ಬಾಗಿಲು,
ಗುಂಡಿಗೆ ಶೀಶೆ ಮುಚ್ಚಳ, ಹದಿನಾಲ್ಕು.
ನಮ್ಮದು ಒಂಬತ್ತೇ ಮಹಡಿ.
"ಮಿಕ್ಕಿದ್ದು?" ಅಂದೆ.
"ಇನ್ನೂ ಕಟ್ಟಬೇಕು," ಅಂದ ನುಕ್ರಿ,
ಒಂದು ಕ್ಷಣ ಮೋಟಾರು ನಿಲ್ಲಿಸಿ;
ಮೋಟಾರಿದ್ದದ್ದು ಅವನ ಗಂಟಲಲ್ಲೇ.

ಆಗ ಬಂದಳು ಜುಜುನಾ, ಏಳನೇ ಮಹಡಿಯವಳು,
ಚೀಲದ ತುಂಬ ಪರ್ಸಿಮನ್ ಹಣ್ಣು, ಮಂಡಿಯ ತುಂಬ ನೋವು.
"ಒಂದು ಅಕ್ರೋಟು," ಕೈಚಾಚಿದಳು ತೆಕ್ಲೆ.
ಮುದುಕಿ ಜೇಬು ತಡಕಿ ಕೊಟ್ಟಳು,
ತನ್ನನ್ನು ತಾನೇ ಮಡಚಿಕೊಂಡು ಒಳಗೆ ಕೂತಳು.
ರಟ್ಟು ನರಳಿತು.
ಎಷ್ಟು ಹೊತ್ತು ಹೋದರೋ!
ನಡುದಾರಿಯಲ್ಲಿ ಕರೆಂಟು ಹೋಯಿತಂತೆ,
ಕತ್ತಲಲ್ಲಿ ಮೂವರೂ ಒಂದು ಹಣ್ಣು ಹಂಚಿಕೊಂಡರಂತೆ.

ಇಳಿದರೆ ಅದೇ ನೆಲ, ಅದೇ ತುಕ್ಕು ಹಿಡಿದ ಟಪಾಲು ಡಬ್ಬಿಗಳು.
ಏಳಕ್ಕೆ ಅರ್ಧ ದರ, ಚಿಲ್ಲರೆ ಅಂತ ಅರ್ಧ ಅಕ್ರೋಟು ವಾಪಸು.
ಜುಜುನಾ ಕಂಬಿ ಹಿಡಿದು ಹತ್ತತೊಡಗಿದಳು.
ಕೆಳಗೆ ನುಕ್ರಿ ಮೋಟಾರು ಶುರುಮಾಡಿದ.
ಅವಳು ನಿಂತರೆ ಅದೂ ನಿಲ್ಲುತ್ತಿತ್ತು.
"ನಾಲ್ಕು!" ಕೂಗಿದಳು ತೆಕ್ಲೆ, ಮುಚ್ಚಳ ಒತ್ತಿ.
"ಸುಳ್ಳು, ಇನ್ನೂ ಮೂರೂವರೆ!"
ಏದುಸಿರಿನ ನಡುವೆಯೇ ಉತ್ತರ.

ನನ್ನ ಬಾಗಿಲು ದಾಟುವಾಗ
ಚೀಲಕ್ಕೆ ಕೈ ಕೊಡಹೋದೆ.
"ಬಿಡು," ಅಂದಳು,
"ಲಿಫ್ಟಲ್ಲಿದ್ದೀನಿ."